ಕೊಟ್ಟ ಮಾತಿನ ಅಳತೆ

ಅಕ್ಕ: ‘ಮೈಕ್ರೋ ಫೋರ್ ಥರ್ಡ್ಸ್‌ಗೆ ಭವಿಷ್ಯ ಇದೆಯಾ’ ಅಂತ ಕೇಳುತ್ತೀಯ. ಯಾವುದರ ಭವಿಷ್ಯ ಅನ್ನುವುದನ್ನು ಮೊದಲು ಹೇಳು. ಕೈಯಲ್ಲಿರುವ ಕ್ಯಾಮೆರಾದ್ದಾದರೆ, ತಯಾರಕರು ನಾಳೆ ಬೆಳಿಗ್ಗೆಯೇ ಬಾಗಿಲು ಹಾಕಿಕೊಂಡರೂ ಅದು ನಿನ್ನೆಯಷ್ಟೇ ಚೆನ್ನಾಗಿ ಫೋಟೊ ತೆಗೆಯುತ್ತದೆ. ಕಂಪನಿಯದ್ದಾದರೆ ಅದು ಷೇರು ಇಟ್ಟುಕೊಂಡವರ ತಲೆನೋವು. ಸಾಮಾನು ಕೆಟ್ಟಿಲ್ಲ, ಕಂಪನಿ ನಮ್ಮದಲ್ಲ. ಆದರೂ ಕೊಳ್ಳುವವನಿಗೆ ಎದೆ ಡವಡವ. ಏಕೆ?

ತಮ್ಮ: ಅವನು ಕೊಳ್ಳುವುದು ಬರೀ ಸಾಮಾನನ್ನಲ್ಲ ಅಕ್ಕ, ಒಂದು ಮಾತನ್ನು. 2008ರ ಆಗಸ್ಟ್‌ನಲ್ಲಿ ಒಲಿಂಪಸ್ ಮತ್ತು ಪ್ಯಾನಸಾನಿಕ್ ಸೇರಿ ಒಂದು ಅಳತೆ ಗೊತ್ತುಮಾಡಿದವು. ಸೆನ್ಸರ್ 17.3 ಮಿ.ಮೀ. ಅಗಲ, 13 ಮಿ.ಮೀ. ಎತ್ತರ, ಲೆನ್ಸ್ ಕೂರುವ ಬಳೆಯಿಂದ, ಅಂದರೆ ಮೌಂಟಿನಿಂದ, ಸೆನ್ಸರ್‌ವರೆಗೆ 19.25 ಮಿ.ಮೀ. ಒಳಗಿನ ಕನ್ನಡಿಯನ್ನು ಕಿತ್ತುಹಾಕಿದ್ದರಿಂದ ದಕ್ಕಿದ ಗಿಡ್ಡತನ ಅದು. ಕ್ಯಾಮೆರಾದ ಬಾಡಿ ಅನ್ನುವುದು ಹೆಸರಿಗೆ ತಕ್ಕಂತೆ ಬಾಡಿಗೆ ಮನೆ. ಐದಾರು ವರ್ಷಕ್ಕೆ ಬದಲಾಗುತ್ತದೆ. ಲೆನ್ಸ್ ಸ್ವಂತ ಮನೆ, ಇಪ್ಪತ್ತು ವರ್ಷ ಇರುತ್ತದೆ. ಲೆನ್ಸ್ ಕೊಂಡವನಿಗೆ ಸಿಗುವ ಮಾತು ಇಷ್ಟೇ: ಈ ಬಾಡಿ ಸವೆದಾಗ ಅದೇ ಅಳತೆಯ ಇನ್ನೊಂದು ಅಂಗಡಿಯಲ್ಲಿರುತ್ತದೆ. ಅನುಮಾನ ಬಂದಿರುವುದು ಆ ಮಾತಿನ ಮೇಲೆ.

ಅಕ್ಕ: ಬರದೇ ಏನು? ಮಾತು ಕೊಟ್ಟ ಇಬ್ಬರಲ್ಲಿ ಒಬ್ಬರು ಎದ್ದೇ ಹೋದರಲ್ಲ. 1919ರಲ್ಲಿ ಹುಟ್ಟಿದ ಒಲಿಂಪಸ್ 2020ರ ಜೂನ್‌ನಲ್ಲಿ ಕ್ಯಾಮೆರಾ ವ್ಯವಹಾರವನ್ನು ಜಪಾನ್ ಇಂಡಸ್ಟ್ರಿಯಲ್ ಪಾರ್ಟ್ನರ್ಸ್ ಎಂಬ ಹೂಡಿಕೆ ಸಂಸ್ಥೆಗೆ ಕೊಡುವುದಾಗಿ ಹೇಳಿತು. 2021ರ ಜನವರಿ 1ಕ್ಕೆ ಅದು ಓಎಂ ಡಿಜಿಟಲ್ ಸೊಲ್ಯೂಷನ್ಸ್ ಆಯಿತು. ಸೋನಿ ಕೈಬಿಟ್ಟ ವಾಯೋ ಕಂಪ್ಯೂಟರನ್ನು ಎತ್ತಿಕೊಂಡದ್ದೂ ಇದೇ ಸಂಸ್ಥೆ. ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2010ರಲ್ಲಿ ಜಪಾನಿನ ತಯಾರಕರ ಸಂಘದ ಲೆಕ್ಕದಂತೆ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು ಹನ್ನೆರಡು ಕೋಟಿಗೂ ಹೆಚ್ಚು; 2020ರಲ್ಲಿ ತೊಂಬತ್ತು ಲಕ್ಷವೂ ಇಲ್ಲ. ಫೋನು ಸಂತೆಯನ್ನೇ ನುಂಗಿದ ಮೇಲೆ ಅಂಗಡಿಯವನ ಮಾತಿಗೆ ಏನು ಬೆಲೆ?

ತಮ್ಮ: ನೀನು ಸೋಲಿನ ಸಾಕ್ಷಿ ಅಂದುಕೊಂಡದ್ದೇ ನನ್ನ ಪರವಾಗಿದೆ. ಮಾತು ಕೊಟ್ಟವನು ಹೋದ, ಮಾತು ನಿಂತಿತು. 2022ರಲ್ಲಿ ಓಎಂ–1 ಬಂತು, 2025ರಲ್ಲಿ ಓಎಂ–3. ಇದನ್ನು ಸ್ಯಾಮ್‌ಸಂಗ್‌ನ ಎನ್‌ಎಕ್ಸ್ ಜೊತೆ ಇಟ್ಟು ನೋಡು. 2014ರ ಎನ್‌ಎಕ್ಸ್1 ಆ ಕಾಲಕ್ಕೆ ಬೆರಗು ಹುಟ್ಟಿಸಿದ ಯಂತ್ರ. ಮಾಲೀಕರಿಗೆ ಆಸಕ್ತಿ ಹೋಯಿತು, ಇಡೀ ಸಿಸ್ಟಂ ಹೋಯಿತು. ನಿಕಾನ್ 1 ಕೂಡ ಹಾಗೇ, 2011ರಲ್ಲಿ ಬಂದು 2018ಕ್ಕೆ ಮುಗಿಯಿತು. ಆ ಅಳತೆಗಳಿಗೆ ಒಬ್ಬನೇ ಯಜಮಾನ. ಇಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಇದೇ ಮೌಂಟಿನಲ್ಲಿ ಸಿನಿಮಾ ಕ್ಯಾಮೆರಾ ಮಾಡಿತು, ಡಿಜೆಐ ಡ್ರೋನಿಗೆ ಕಟ್ಟಿತು, ಸಿಗ್ಮಾ, ಲಾವೋವಾ ಲೆನ್ಸ್ ಮಾಡಿದವು. ಸೇರಿನ ಅಳತೆ ಊರಿನದಾಗಿದ್ದರೆ ಒಬ್ಬ ಶೆಟ್ಟರು ಅಂಗಡಿ ಮುಚ್ಚಿದರೆ ಅಳತೆ ಸಾಯುವುದಿಲ್ಲ.

ಅಕ್ಕ: ಹೋಲಿಕೆ ಚೆನ್ನಾಗಿದೆ, ಆದರೆ ಸೇರನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದಿತ್ತು. ಈ ಅಳತೆಯ ಒಳವಿವರ ಸಹಿ ಹಾಕಿ ಸೇರಿಕೊಂಡವರಿಗೆ ಮಾತ್ರ. ಅದಿರಲಿ. ಉಳಿದವರ ಮನಸ್ಸು ಎಲ್ಲಿದೆ ಅನ್ನುವುದು ನನ್ನ ಪ್ರಶ್ನೆ. ಪ್ಯಾನಸಾನಿಕ್ 2018ರಲ್ಲಿ ಲೈಕಾ, ಸಿಗ್ಮಾ ಜೊತೆ ಎಲ್ ಮೌಂಟಿನ ಕೂಟ ಕಟ್ಟಿ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕಡೆ ಹೊರಳಿತು. 2023ರಲ್ಲಿ ಜಿ9 ಮಾರ್ಕ್ 2 ತಂದಾಗ ತನ್ನದೇ ಫುಲ್ ಫ್ರೇಮ್ ಎಸ್5 ಮಾರ್ಕ್ 2ರ ಮೈಯನ್ನು ಹೆಚ್ಚುಕಮ್ಮಿ ಹಾಗೇ ತೊಡಿಸಿತು. ಸಣ್ಣದಾಗಿರಲೆಂದೇ ಹುಟ್ಟಿದ ಸೆನ್ಸರಿಗೆ ಅಣ್ಣನ ಅಂಗಿ! ಇತ್ತ ಸೋನಿಯ ಫುಲ್ ಫ್ರೇಮ್ ಎ7ಸಿ 509 ಗ್ರಾಂ, ನಿನ್ನ ಓಎಂ–1 599 ಗ್ರಾಂ. ಸಣ್ಣತನವೇ ಈ ಸಿಸ್ಟಂ ಕೊಟ್ಟ ಮೊದಲ ಮಾತಾಗಿದ್ದರೆ, ಅದನ್ನು ಬೇರೆಯವರೇ ನಡೆಸಿಕೊಟ್ಟಂತಾಯಿತು.

ತಮ್ಮ: ಬಾಡಿಯಲ್ಲಿ, ಹೌದು. ಬಾಡಿಯನ್ನು ಯಾರು ಬೇಕಾದರೂ ಕುಗ್ಗಿಸಬಹುದು. ಗಾಜು ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ಸೆನ್ಸರಿನ ಕರ್ಣ ಫುಲ್ ಫ್ರೇಮಿನ ಅರ್ಧ ಇರುವುದರಿಂದ 300 ಮಿ.ಮೀ. ಲೆನ್ಸ್ ಅಲ್ಲಿನ 600ರ ನೋಟ ಕೊಡುತ್ತದೆ. ಒಲಿಂಪಸ್‌ನ 300 ಎಫ್4, ಟ್ರೈಪಾಡ್ ಕಾಲರ್ ಸೇರಿ ಸುಮಾರು ಒಂದೂವರೆ ಕಿಲೋ. ಫುಲ್ ಫ್ರೇಮಿನ 600 ಎಫ್4 ಮೂರು ಕಿಲೋ ದಾಟುತ್ತದೆ. ಹಕ್ಕಿ ಕಾಯುತ್ತ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವವನಿಗೆ ಇದು ತತ್ವಶಾಸ್ತ್ರವಲ್ಲ, ಭುಜದ ಸಮಾಚಾರ.

ಅಕ್ಕ: ತಕ್ಕಡಿಯ ಒಂದು ತಟ್ಟೆಯನ್ನಷ್ಟೇ ತೋರಿಸಿದೆ. ನಿನ್ನ ಸೆನ್ಸರಿನ ವಿಸ್ತೀರ್ಣ ಹೆಚ್ಚುಕಡಿಮೆ ಕಾಲು ಭಾಗ. ಆದ್ದರಿಂದ ಅದರ ಎಫ್4 ಚಿತ್ರಕ್ಕೆ ತರುವ ಒಟ್ಟು ಬೆಳಕು ಫುಲ್ ಫ್ರೇಮಿನ ಎಫ್8ರಷ್ಟು. ಮೂರು ಕಿಲೋದ ಲೆನ್ಸಿನ ಜೊತೆ ಅದನ್ನು ತೂಗುವುದು ಸರಿಯಲ್ಲ. ಸರಿಯಾದ ಜೋಡಿ ನಿಕಾನ್ 2023ರಲ್ಲಿ ತಂದ 600 ಎಫ್6.3: ತೂಕ ನಿನ್ನದರಷ್ಟೇ, ಬೆಳಕು ಹೆಚ್ಚು.

ತಮ್ಮ: ಒಪ್ಪಿದೆ. ಆದರೆ ಅದರ ಬೆಲೆ ಬಿಡುಗಡೆಯ ಹೊತ್ತಿಗೆ ಸುಮಾರು 4,800 ಡಾಲರ್. 2016ರಲ್ಲಿ ಬಂದ ಒಲಿಂಪಸ್‌ನದು ಸುಮಾರು 2,500. ನಿಕಾನ್ ತೂಕ ಇಳಿಸಿದ್ದು ಫ್ರೆನೆಲ್ ಗಾಜಿನ ಜಾಣತನದಿಂದ. ಅದೇ ಜಾಣತನವನ್ನು ಸಣ್ಣ ಸೆನ್ಸರಿನ ಲೆನ್ಸಿಗೂ ಹಾಕಬಹುದು. ಹಾಕಿದರೆ ಅದೂ ಇನ್ನಷ್ಟು ಹಗುರಾಗುತ್ತದೆ. ಇನ್ನೊಂದು: ಸಣ್ಣ ಸೆನ್ಸರನ್ನು ಬೇಗ ಓದಬಹುದು, ಕೈನಡುಕ ತಡೆಯಲು ಸುಲಭವಾಗಿ ಅಲುಗಾಡಿಸಬಹುದು. ಓಎಂ–1 ಫೋಕಸ್ ಹಿಂಬಾಲಿಸುತ್ತಲೇ ಸೆಕೆಂಡಿಗೆ 50 ಚಿತ್ರ ತೆಗೆಯುವುದರಲ್ಲಿ ಈ ಸಣ್ಣತನದ ಪಾಲೂ ಇದೆ.

ಅಕ್ಕ: ‘ಹಾಕಬಹುದು’, ‘ಹಾಕಿದರೆ’. ಈ ಕ್ರಿಯಾಪದಗಳನ್ನು ಗಮನಿಸು. ಸಾಧ್ಯತೆ ಇದೆ, ಹಣ ಹಾಕುವವರು ಬೇಕು. 2022ರ ಓಎಂ–1, 2024ರ ಅದರ ಎರಡನೇ ಆವೃತ್ತಿ, 2025ರ ಓಎಂ–3: ಮೂರಕ್ಕೂ ಮೂಲತಃ ಅದೇ ಇಪ್ಪತ್ತು ಮೆಗಾಪಿಕ್ಸೆಲ್ ಸೆನ್ಸರ್. ಅಳತೆ ಉಳಿದರೂ ಅದು ಬೆಳೆಯುತ್ತಿಲ್ಲ. ಹಾಗಾಗಿ ಈ ಸಿಸ್ಟಂ ಸಾಯುತ್ತದೋ ಇಲ್ಲವೋ ಎಂದು ಕೇಳುವುದನ್ನು ಬಿಟ್ಟು, ಸತ್ತರೆ ಅದರ ಲೆನ್ಸುಗಳಿಗೆ ದಾಟಲು ಸೇತುವೆ ಇದೆಯೇ ಎಂದು ಕೇಳೋಣ. ಒಲಿಂಪಸ್‌ನ ಹಳೆಯ ಫೋರ್ ಥರ್ಡ್ಸ್, 2003ರಲ್ಲಿ ಇ–1ರೊಂದಿಗೆ ಬಂದದ್ದು, ಕನ್ನಡಿಯ ಕ್ಯಾಮೆರಾ. ಬಳೆಯಿಂದ ಸೆನ್ಸರಿಗೆ 38.67 ಮಿ.ಮೀ. ಅದು ತೀರಿಕೊಂಡಾಗ ಅದರ ಲೆನ್ಸುಗಳು ಬೀದಿಗೆ ಬೀಳಲಿಲ್ಲ. ಹೊಸ ಮೌಂಟು ಗಿಡ್ಡ, ನಡುವೆ ಒಂದು ಅಡಾಪ್ಟರ್ ಇಟ್ಟರಾಯಿತು. ಕ್ಯಾನನ್‌ನ ಇಒಎಸ್ ಎಂಗೆ ಆ ಭಾಗ್ಯ ಇರಲಿಲ್ಲ. ಅದರದು 18 ಮಿ.ಮೀ., ಮುಂದೆ ಬಂದ ಆರ್‌ಎಫ್‌ನದು 20. ಗಿಡ್ಡ ಅಳತೆಯ ಲೆನ್ಸ್ ಉದ್ದ ಅಳತೆಯ ಬಾಡಿಯಲ್ಲಿ ಕೂರುವುದಿಲ್ಲ. ಎರಡು ಮಿಲಿಮೀಟರ್; ಒಂದೇ ಕಂಪನಿಯ ಸ್ವಂತ ಮಕ್ಕಳಿಗೂ ಬಾಗಿಲು ಮುಚ್ಚಿತು.

ತಮ್ಮ: ನಿಕಾನ್ ಝಡ್‌ನದು 16, ಸೋನಿಯದು 18. ಅಳತೆ ನೋಡಿದರೆ ಅಲ್ಲಿ ಜಾಗವಿದೆ.

ಅಕ್ಕ: ಲೋಹಕ್ಕೆ ಜಾಗವಿದೆ, ಬೆಳಕಿಗಿಲ್ಲ. ನಿನ್ನ ಲೆನ್ಸ್ ಬೀರುವ ಬೆಳಕಿನ ವೃತ್ತ ದೊಡ್ಡ ಸೆನ್ಸರಿನ ನಡುಭಾಗವನ್ನಷ್ಟೇ ತುಂಬುತ್ತದೆ. ಎಲ್ಲರ ಹಳೆಯ ಲೆನ್ಸುಗಳಿಗೂ ಆಶ್ರಯ ಕೊಟ್ಟ ಮೌಂಟ್ ಇದು. ಇದರ ಮಕ್ಕಳಿಗೆ ಆಶ್ರಯ ಕೊಡುವವರು ಯಾರೂ ಇಲ್ಲ. ಆದ್ದರಿಂದ ‘ಅಳತೆ ಹಂಚಿಕೆಯದು, ಸಾಯುವುದಿಲ್ಲ’ ಎಂಬ ನಿನ್ನ ವಾದ ಅರ್ಧ ನಿಜ. ನಿಧಾನವಾಗಿ ಸಾಯುತ್ತದೆ, ಅಷ್ಟೇ. ಆ ನಿಧಾನಕ್ಕೆ ಬೆಲೆ ಇಲ್ಲ ಎಂದು ನಾನು ಹೇಳುತ್ತಿಲ್ಲ.

ತಮ್ಮ: ಎಲ್ಲರೂ ಹೀಗೆ ಲೆಕ್ಕ ಹಾಕಿ ಹಿಂದೆ ಸರಿದರೆ, ಆ ಲೆಕ್ಕವೇ ಅದನ್ನು ಕೊಲ್ಲುತ್ತದಲ್ಲ?

ಅಕ್ಕ: ಕೊಲ್ಲುತ್ತದೆ. ಆದರೂ ಕಂಪನಿಯ ಪ್ರಾಣ ಉಳಿಸುವುದು ಗಿರಾಕಿಯ ಧರ್ಮವಲ್ಲ. ಬರಲಿರುವ ಲೆನ್ಸಿನ ಆಸೆಗೆ ದುಡ್ಡು ಕೊಟ್ಟವನು ಜೂಜಾಡಿದ. ಈಗಾಗಲೇ ಮಾಡಿಟ್ಟಿರುವ ಗಾಜು ತನ್ನ ಕೆಲಸಕ್ಕೆ ಸಾಕು ಎಂದು ನೋಡಿ ಕೊಟ್ಟವನು ಮಾತನ್ನಲ್ಲ, ಸಾಮಾನನ್ನೇ ಕೊಂಡ. ಅವನ ಎದೆ ಡವಗುಟ್ಟಬೇಕಿಲ್ಲ.

ತಮ್ಮ: ಈ ಎರಡನೆಯವನಿಗೂ ಬ್ಯಾಟರಿ ಬೇಕಲ್ಲ. ಮೌಂಟಿನ ಅಳತೆಗೆ ಒಪ್ಪಂದವಿದೆ, ಬ್ಯಾಟರಿಗಿಲ್ಲ. ಪ್ಯಾನಸಾನಿಕ್‌ನದು ಓಎಂಗೆ ಆಗುವುದಿಲ್ಲ, ಹಳೆಯ ಒಲಿಂಪಸ್‌ನದು ಓಎಂ–1ಕ್ಕೂ ಆಗುವುದಿಲ್ಲ.

ಅಕ್ಕ: 2008ರಲ್ಲಿ 19.25 ಎಂದು ಬರೆದವರು ಅದನ್ನೂ ಒಂದು ಸಾಲು ಬರೆದಿಡಬಹುದಿತ್ತು.