ಕಾಣದ ಗ್ರಾಹಕನ ಹಕ್ಕು

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದ ವ್ಯಾಪಾರಿಯೊಡನೆ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದರು. ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು.

ಇಂದು ವಾಟ್ಸ್ಆ್ಯಪ್‌ನಲ್ಲಿ ಬಟ್ಟೆ ಮಾರುವಾಗ ಗ್ರಾಹಕ ನಿಮ್ಮೆದುರಿಗಿಲ್ಲ; ರಾಶಿಗೆ ಕೈ ಹಾಕಿ ನೋಡಲು ಅವನಿಗೆ ಸಾಧ್ಯವಿಲ್ಲ. ಆದ್ದರಿಂದ ಬಟ್ಟೆಯ ಕಲೆಯನ್ನೂ ಚಿತ್ರದಲ್ಲಿ ತೋರಿಸುವುದು ನಿಮ್ಮದೇ ಹೊಣೆ. ಅವನು ಕೊಟ್ಟ ಫೋನ್ ನಂಬರು, ವಿಳಾಸಗಳು ನಿಮ್ಮಲ್ಲಿರುವ ಅಮಾನತ್ತು. ಅವನ್ನು ಇತರರಿಗೆ ಮಾರುವುದು ದ್ರೋಹ.

ನೀವೂ ಜಾಗ್ರತೆ ವಹಿಸಿರಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಒತ್ತಿರೆನ್ನುವವನು ವಂಚಕ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಒಮ್ಮೆ ಮೋಸ ಹೋದ ಗ್ರಾಹಕ ನಿಮ್ಮ ಅಂಗಡಿಗೆ ಮರಳಲಾರ. ಆದರೆ ಪರಲೋಕದಲ್ಲಿ ತನ್ನ ಹಕ್ಕು ಕೇಳಲು ಬಂದೇ ಬರುವನು.