ದಿನದ ಧಮ್ಮ ಚಿಂತನೆ: ಮನೆ ಮುಗಿಯುವುದು ಯಾವಾಗ?



ನಮ್ಮ ಅಧ್ಯಯನ ಬಳಗದಲ್ಲಿ ಈಗ ಮೂರು ಮನೆಗಳು ಏಳುತ್ತಿವೆ. ಏಳುತ್ತಿವೆ ಅನ್ನುವುದಕ್ಕಿಂತ ಮೂರೂ 'ಮುಗಿದಿವೆ' ಅನ್ನಬೇಕು. ಒಂದು ಯುಗಾದಿಗೇ ಮುಗಿದಿತ್ತು. ಇವತ್ತಿಗೂ ಮುಗಿದೇ ಇದೆ, ಒಳಗೆ ಹೋಗಿ ಮಲಗಿದವರು ಮಾತ್ರ ಯಾರೂ ಇಲ್ಲ.

ಕಟ್ಟಿಸಿದವರಿಗೆ ಇದು ಗೊತ್ತು. ಪಾಯದಿಂದ ಮೋಲ್ಡ್ ಹಾಕುವವರೆಗೆ ಕೆಲಸ ಓಡುತ್ತದೆ, ದಿನಾ ಕಣ್ಣಿಗೆ ಕಾಣುತ್ತದೆ. ಅಲ್ಲಿಂದ ಮುಂದೆ ತೆವಳುತ್ತದೆ. ಟೈಲ್ಸ್ ಆಗದೆ ಬಾಗಿಲು ಕೂರಿಸುವುದು ಹೇಗೆ ಎನ್ನುತ್ತಾರೆ ಬಡಗಿ. ಬಾಗಿಲೇ ಇಲ್ಲದ ಮನೆಯಲ್ಲಿ ಸ್ವಿಚ್ಚು, ಫ್ಯಾನು ಹಾಕಿದರೆ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ಟೈಲ್ಸ್‌ನವರು ಊರ ಹಬ್ಬಕ್ಕೆಂದು ಹೋದವರು ಫೋನು ಎತ್ತುವುದಿಲ್ಲ. ಮೂವರು ಹೇಳುವುದೂ ನಿಜವೇ, ಅದೇ ಕಷ್ಟ. ಗೋಡೆಯ ತೂತುಗಳಿಂದ ವೈರುಗಳು ಗಡ್ಡದ ಹಾಗೆ ನೇತಾಡುತ್ತಿರುತ್ತವೆ. ಬಚ್ಚಲಲ್ಲಿ ನೀರು ಜಾಲರಿ ಇರುವ ಮೂಲೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹರಿಯುತ್ತದೆ. ಈ ನಡುವೆ ಬಾಡಿಗೆ ಮನೆಯ ಬಾಡಿಗೆ, ಬ್ಯಾಂಕಿನ ಕಂತು, ಎರಡಕ್ಕೂ ಇರುವುದು ಒಂದೇ ಸಂಬಳ.

ಇವರಲ್ಲಿ ಒಬ್ಬ ಉಪಾಸಿಕೆ ಕಳೆದ ವಾರದ ಓದು ಮುಗಿದ ಮೇಲೆ ನನ್ನ ಹತ್ತಿರ ಬಂದು ಹೇಳಿದರು: "ಮೇಷ್ಟ್ರೇ, ದುಡ್ಡು ಹೋಗಿದ್ದಕ್ಕಿಂತ ನನ್ನ ಬಾಯಿ ಕೆಟ್ಟಿದ್ದೇ ನಂಗೆ ಬೇಜಾರು. ಬೆಳಗಾದ್ರೆ ಯಾರಾದ್ರೂ ಒಬ್ಬರನ್ನ ಬೈತೀನಿ. ರಾತ್ರಿ ಪಂಚಶೀಲ ಹೇಳೋವಾಗ ನಾಚಿಕೆ ಆಗುತ್ತೆ. ಇದರ ಜೊತೆಗೆ ನಮ್ಮತ್ತೆ, ಒಂದ್ಸಲ ವಾಸ್ತು ತೋರಿಸಿಬಿಡು, ಈಶಾನ್ಯ ಸರಿ ಇಲ್ವೇನೋ ಅಂತಾರೆ." ಇವತ್ತಿನ ಚಿಂತನೆ ಅವರ ಮಾತಿನ ಮೇಲೆ.

ಮೊದಲಿಗೆ ಒಂದು ವಿಷಯ. ಮನೆಯ ಆಸೆಯನ್ನೇ ತಣ್ಹೆ ಎಂದು ಕರೆದು, ಬಿಟ್ಟುಬಿಡಿ ಎಂದು ಉಪದೇಶ ಮಾಡುವವರಿದ್ದಾರೆ. ಸ್ವಂತ ಮನೆಯಲ್ಲಿ ಕೂತು ಹೀಗೆ ಹೇಳುವುದು ಸುಲಭ. ಬಾಡಿಗೆ ಮನೆ ಕೇಳಲು ಹೋದಾಗ ಮುಂಗಡ ಎಷ್ಟು ಎನ್ನುವ ಮೊದಲು "ನಿಮ್ಮದು ಯಾವ ಜನ?" ಎಂಬ ಪ್ರಶ್ನೆ ಎದುರಿಸಿದವರು ನಾವು. 1917ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಇಡೀ ಊರಿನಲ್ಲಿ ಅವರಿಗೊಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ತಂಗಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡಿಸಿತು. ಸ್ನೇಹಿತರೂ ಒಳಗೆ ಕರೆಯಲಿಲ್ಲ. ರೈಲು ಹೊರಡುವ ಹೊತ್ತಿನವರೆಗೆ ಸಾರ್ವಜನಿಕ ಉದ್ಯಾನವನದಲ್ಲಿ ಕೂತಿದ್ದರು. ಅದೇ ಬಾಬಾಸಾಹೇಬರು 1930ರ ದಶಕದಲ್ಲಿ ಮುಂಬೈಯ ದಾದರಿನಲ್ಲಿ ಮನೆ ಕಟ್ಟಿಸಿದರು, ಮುಖ್ಯವಾಗಿ ಪುಸ್ತಕಗಳಿಗೆ ಜಾಗವಿರಲಿ ಎಂದು. ಅದಕ್ಕೆ ಇಟ್ಟ ಹೆಸರು ರಾಜಗೃಹ. ಹಾಗಾಗಿ ನಮ್ಮಲ್ಲಿ ಒಬ್ಬ ಅಟೆಂಡರ್, ಒಬ್ಬ ನರ್ಸು, ಒಬ್ಬ ಕಂಡಕ್ಟರ್ ಸಾಲ ಮಾಡಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಎಬ್ಬಿಸಿದರೆ ಅದು ನನಗೆ ಸಂಭ್ರಮದ ವಿಷಯವೇ. ಆ ಆಸೆಯನ್ನು ಕೀಳಾಗಿ ನೋಡಬೇಕಿಲ್ಲ.

ಇನ್ನು ವಾಸ್ತುವಿನ ಮಾತು. ಅತ್ತೆಯವರ ಮೇಲೆ ಸಿಟ್ಟು ಬೇಡ, ಅವರದು ಅಕ್ಕರೆಯ ಭಯ. ಆದರೆ ಗೋಡೆಯಲ್ಲಿ ತೇವ ಕಾಣಿಸಿತು ಎಂದಾಗ ದೋಷ ಯಾವ ದಿಕ್ಕಿನದು ಎಂದು ಕೇಳುವುದಕ್ಕೂ ಕಾರಣ ಏನು ಎಂದು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ, ಕಾರಣ ಹೋದರೆ ಅದೂ ಹೋಗುತ್ತದೆ ಎಂದು ಕಲಿಸಿದ ಗುರುವಿನ ಮಕ್ಕಳು ನಾವು. ಪಟಿಚ್ಚ ಸಮುಪ್ಪಾದವನ್ನು ಪುಸ್ತಕದಲ್ಲಿ ಓದಿ ಗೋಡೆಯ ಮುಂದೆ ಮರೆತರೆ ಹೇಗೆ?

ನೆಲಮಟ್ಟದಿಂದ ಮೇಲಕ್ಕೆ ತೇವ ಏರುತ್ತಿದ್ದರೆ, ಪಾಯದ ಮೇಲೆ ನೀರು ತಡೆಯುವ ಪದರ ಹಾಕಿದ್ದಾರೆಯೇ ಎಂದು ಕೇಳಿ. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಮಾತ್ರ ಇದ್ದರೆ ಒಳಗಿನ ಪೈಪಿನ ಜಾಯಿಂಟು ನೋಡಿಸಿ. ಬಚ್ಚಲಿನ ಜಾಲರಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿದರೆ ನೆಲ ಸೋರುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಇದನ್ನು ಟೈಲ್ಸ್ ಹಾಕುವ ಮೊದಲು ಮಾಡಿಸಿದರೆ ಒಳ್ಳೆಯದು. ಬಣ್ಣ ಗುಳ್ಳೆ ಎದ್ದಿದ್ದರೆ ಸಾಮಾನ್ಯವಾಗಿ ಗಾರೆ ಒಣಗುವ ಮೊದಲೇ ಪುಟ್ಟಿ, ಪ್ರೈಮರ್ ಬಳಿದಿರುತ್ತಾರೆ. ಬಳಿದವರು ಬೇರೆ, 'ಬೇಗ ಬೇಗ' ಎಂದು ಅವಸರ ಮಾಡಿದವರು ಬೇರೆ. ಮಳೆಗಾಲದಲ್ಲಿ ಬಾಗಿಲು ಹಾಕಲು ಬಾರದಿದ್ದರೆ ಮರ ತೇವ ಕುಡಿದು ಉಬ್ಬಿದೆ ಎಂದರ್ಥ. ಒಣಗಿದ ಮೇಲೆ ಎಷ್ಟು ಬೇಕೋ ಅಷ್ಟೇ ಉಜ್ಜಿಸಿ, ಬಾಗಿಲಿನ ಮೇಲಂಚು ಕೆಳಂಚಿಗೂ ಬಣ್ಣ ಬಳಿಸಬೇಕು. ಕಣ್ಣಿಗೆ ಕಾಣದು ಎಂದು ಅಲ್ಲಿಗೆ ಯಾರೂ ಬಳಿಯುವುದಿಲ್ಲ. ಇದರಲ್ಲಿ ಯಾವುದಕ್ಕೂ ಬೂದುಗುಂಬಳಕಾಯಿ ಕಟ್ಟಿ ಪ್ರಯೋಜನವಿಲ್ಲ. ಆ ಕಾಯಿಯನ್ನು ಸಾಂಬಾರು ಮಾಡಿ ಗಾರೆಯವರಿಗೆ ಬಡಿಸಬಹುದು.

ದಿಕ್ಕಿನ ಲೆಕ್ಕ ನಮ್ಮ ಹಿರಿಯರನ್ನು ಎಲ್ಲಿ ಇರಿಸಿತ್ತು ಎಂಬುದನ್ನೂ ಮರೆಯಬಾರದು. ಪಟ್ಟಣ ಹೇಗಿರಬೇಕು ಎಂದು ಹೇಳುವಾಗ ಕೌಟಿಲ್ಯನ ಅರ್ಥಶಾಸ್ತ್ರ ನಾಲ್ಕು ವರ್ಣಗಳಿಗೆ ನಾಲ್ಕು ದಿಕ್ಕು ಹಂಚುತ್ತದೆ. ಪಾಷಂಡರಿಗೂ ಚಂಡಾಲರಿಗೂ ಸ್ಮಶಾನದ ಅಂಚು ತೋರಿಸುತ್ತದೆ. ವೇದವನ್ನು ಒಪ್ಪದ ಶ್ರಮಣರನ್ನು ಪಾಷಂಡರೆಂದು ಕರೆಯುತ್ತಿದ್ದರು. ಎರಡು ಲೆಕ್ಕದಲ್ಲೂ ನಮಗೆ ಸಿಗುವ ಸೈಟು ಅದೇ!

ಭಗವಾನರು ದಿಕ್ಕುಗಳ ಬಗ್ಗೆ ಮಾತನಾಡದೆ ಇರಲಿಲ್ಲ. ರಾಜಗೃಹದಲ್ಲಿ ಸಿಗಾಲನೆಂಬ ಗೃಹಸ್ಥನ ಮಗ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೂ ಕೈ ಮುಗಿಯುತ್ತಿದ್ದ. ಯಾಕಪ್ಪಾ ಎಂದರೆ, ಸಾಯುವಾಗ ಅಪ್ಪ ಹೇಳಿಹೋದ ಮಾತು ಎಂದ. ಬುದ್ಧರು ಅವನನ್ನು ಗದರಿಸಲಿಲ್ಲ, ದಿಕ್ಕುಗಳ ಅರ್ಥವನ್ನೇ ಬದಲಿಸಿದರು. ಪೂರ್ವ ಎಂದರೆ ತಾಯಿ ತಂದೆ. ದಕ್ಷಿಣ ಗುರುಗಳು. ಪಶ್ಚಿಮ ಹೆಂಡತಿ ಮಕ್ಕಳು. ಉತ್ತರ ಸ್ನೇಹಿತರು. ಮೇಲಿನ ದಿಕ್ಕು ಶ್ರಮಣರು. ಕೆಳಗಿನ ದಿಕ್ಕು ನಮಗಾಗಿ ದುಡಿಯುವವರು. ಆ ಕೆಳಗಿನ ದಿಕ್ಕಿಗೆ ಯಜಮಾನ ಮಾಡಬೇಕಾದ್ದು ಐದು ಎಂದರು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷ ಅಡುಗೆ ಮಾಡಿದ ದಿನ ಅದರಲ್ಲಿ ಪಾಲು, ಸಮಯಕ್ಕೆ ಬಿಡುವು. ಎರಡೂವರೆ ಸಾವಿರ ವರ್ಷಗಳ ಹಿಂದಿನ ಈ ಪಟ್ಟಿಯಲ್ಲಿ ಊರ ಹಬ್ಬದ ರಜೆಯೂ ಸೇರಿದೆ ನೋಡಿ.

ಉಪಾಸಿಕೆಯವರೇ, ಈಶಾನ್ಯ ಬಿಡಿ. ನಿಮ್ಮ ಮನೆಯಲ್ಲಿ ನೋಡಬೇಕಾದ ದಿಕ್ಕು ಈ ಕೆಳಗಿನದು. ಬೆಳಗಾದರೆ ನೀವು ಬೈಯುತ್ತಿರುವುದು ಯಾರನ್ನು? ಇಂಜಿನಿಯರರನ್ನು ಅಲ್ಲ, ಅವರಿಗೆ 'ಸರ್' ಎನ್ನುತ್ತೇವೆ. ಬೈಗುಳ ಇಳಿದು ಇಳಿದು ಕೊನೆಗೆ ಬೀಳುವುದು ಸಿಮೆಂಟು ಕಲಸುವ ಹೆಂಗಸಿನ ಮೇಲೆ, ಗುಂಡಿ ತೋಡುವವರ ಮೇಲೆ. ಆ ಹೆಂಗಸು ಎಷ್ಟು ಮನೆಗಳಿಗೆ ಬಾಂಡ್ಲಿ ಹೊತ್ತಿದ್ದಾಳೋ, ಅವಳ ಸ್ವಂತ ಸೂರು ಇನ್ನೂ ಶೀಟಿನದೇ. ಅವರ ಊರು ಕೇರಿ ವಿಚಾರಿಸಿದರೆ ಎಷ್ಟೋ ಸಲ ನಮ್ಮವರೇ ಆಗಿರುತ್ತಾರೆ. ಆಗದಿದ್ದರೂ ಮಾತು ಬದಲಾಗಬೇಕಿಲ್ಲ. ಇನ್ನೊಬ್ಬರ ಅಂಗಳದಲ್ಲಿ ನಮ್ಮ ಅಪ್ಪಂದಿರು 'ಲೋ' ಅನ್ನಿಸಿಕೊಂಡದ್ದು ನಮಗೆ ಮರೆತಿಲ್ಲ. ಆ 'ಲೋ' ನಮ್ಮ ಹೊಸ ಅಂಗಳದಲ್ಲಿ ನಮ್ಮ ಬಾಯಿಂದಲೇ ಹೊರಟರೆ, ನಾವು ಕಟ್ಟಿಸುತ್ತಿರುವುದು ಯಾರ ಮನೆ?

ಕೋಪ ಬೇಡ ಎಂದರೆ ಲೆಕ್ಕ ಬೇಡ ಎಂದಲ್ಲ. ಧಮ್ಮದ ಹೆಸರಿನಲ್ಲಿ ಮೋಸ ಹೋಗಬೇಕಾಗಿಲ್ಲ. ಮುಗಿಯದ ಕೆಲಸಗಳನ್ನು ಮೇಸ್ತ್ರಿಯವರ ಎದುರಿಗೇ ಒಂದು ಹಾಳೆಯಲ್ಲಿ ಬರೆಯಿರಿ, ಇಬ್ಬರೂ ಸಹಿ ಹಾಕಿ. ಕಂತ್ರಾಟುದಾರರ ಕೊನೆಯ ಕಂತನ್ನು ಆ ಹಾಳೆ ತೀರಿದ ಮೇಲೆ ಕೊಡಿ. ದಿನಗೂಲಿಯವರದನ್ನು ಮಾತ್ರ ಹಿಡಿಯಬೇಡಿ, ಅದು ಆ ಸಂಜೆಯ ಅಕ್ಕಿ. ಒಡೆದು ಮತ್ತೆ ಹಾಕಿ ಎಂದು ತಣ್ಣಗೆ ಹೇಳಿದರೂ ಕೆಲಸ ಆಗುತ್ತದೆ. ಕೂಗಿದರೆ ಆ ಹೊತ್ತಿಗೆ ಆಗುತ್ತದೆ, ಮಾರನೆಯ ದಿನ ಅವರು ಬರುವುದಿಲ್ಲ.

ಕೆಲಸ ಮುಗಿಯದಿರಲು ಇನ್ನೊಂದು ಕಾರಣ ನಮ್ಮೊಳಗೇ ಇರುತ್ತದೆ. ವಿನಯಪಿಟಕದಲ್ಲಿ ಕೋಸಂಬಿಯ ಛನ್ನ ಎಂಬ ಭಿಕ್ಷುವಿನ ಪ್ರಸಂಗ ಬರುತ್ತದೆ. ಒಬ್ಬ ಮಹಾಮಾತ್ಯ ಅವನಿಗೊಂದು ವಿಹಾರ ಕಟ್ಟಿಸಿಕೊಡುತ್ತಿದ್ದ. ಕೆಲಸ ಮುಗಿಯಿತು. ಛನ್ನನಿಗೆ ಮಾತ್ರ ಮುಗಿಯಲಿಲ್ಲ. ಚಾವಣಿಯ ಮೇಲೆ ಮತ್ತೆ ಹೊದಿಸಿದ, ಗೋಡೆಗೆ ಮತ್ತೆ ಮೆತ್ತಿಸಿದ, ಇನ್ನೂ ಒಂದು ಸಲ, ಮತ್ತೂ ಒಂದು ಸಲ. ಭಾರ ಹೆಚ್ಚಾಗಿ ಕಟ್ಟಡವೇ ಕುಸಿದು ಬಿತ್ತು. ಆಮೇಲೆ ಹುಲ್ಲು ಕಡ್ಡಿ ಆರಿಸಲು ಹೋಗಿ ಯಾರದೋ ಜವೆಗೋಧಿಯ ಹೊಲ ತುಳಿದು ಹಾಳು ಮಾಡಿದ. ಚಾವಣಿಗೆ ಎರಡು ಮೂರು ಪದರ ಸಾಕು, ಅದನ್ನೂ ಬೆಳೆ ಇಲ್ಲದ ಕಡೆ ನಿಂತು ಮಾಡಿಸಬೇಕು ಎಂಬ ನಿಯಮ ಬಂದದ್ದು ಹೀಗೆ.

ಛನ್ನ ನಮಗೆ ದೂರದವನಲ್ಲ. ಪಕ್ಕದ ಬೀದಿಯ ಮನೆ ನೋಡಿಬಂದ ಮೇಲೆ ಹಾಲಿಗೆ ಫಾಲ್ಸ್ ಸೀಲಿಂಗ್, ಮುಂದಿನ ಗೋಡೆಗೆ ಕಲ್ಲಿನ ಹೊದಿಕೆ, ಗೇಟಿಗೆ ಇನ್ನೊಂದು ವಿನ್ಯಾಸ. ಪ್ರತಿಯೊಂದೂ ಒಂದು ಪದರ, ಪ್ರತಿ ಪದರವೂ ಸಾಲ. ಅನಾಥಪಿಂಡಿಕನಿಗೆ ಗೃಹಸ್ಥರ ನಾಲ್ಕು ಸುಖಗಳನ್ನು ಹೇಳುವಾಗ ಭಗವಾನರು ಸಂಪತ್ತು ಇರುವ ಸುಖ, ಅದನ್ನು ಅನುಭವಿಸುವ ಸುಖಗಳ ಜೊತೆಗೆ ಸಾಲವಿಲ್ಲದ ಸುಖವನ್ನೂ ಸೇರಿಸಿದರು. ಕಂತು ಕಟ್ಟುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೀರು ಬರಲಿ, ಕರೆಂಟು ಬರಲಿ, ಬಚ್ಚಲು ಸರಿಯಾಗಲಿ, ಬಾಗಿಲಿಗೆ ಬೀಗ ಬೀಳಲಿ. ಅಷ್ಟಾದರೆ ಹೋಗಿ ಇರಬಹುದು ಎಂದು ನನ್ನ ಅಭಿಪ್ರಾಯ. ಉಳಿದದ್ದು ಒಳಗೆ ಇದ್ದುಕೊಂಡೇ ಆಗುತ್ತದೆ, ಬಾಡಿಗೆಯೂ ಉಳಿಯುತ್ತದೆ.

"ಆಷಾಢ ಬಂತಲ್ಲ" ಎಂದು ಇನ್ನೊಬ್ಬರು ಕೇಳಿದರು. ಬಂದರೆ ಬರಲಿ. ಪಂಚಾಂಗಕ್ಕೆ ಅದು ಬೇಡದ ಮಾಸ ಇರಬಹುದು, ನಮಗೆ ಅದರ ಹುಣ್ಣಿಮೆ ಸಾರನಾಥದಲ್ಲಿ ಐವರಿಗೆ ಮೊದಲ ಉಪದೇಶ ನಡೆದ ದಿನ. ಭಿಕ್ಷುಗಳು ಮಳೆಗಾಲಕ್ಕೆ ಒಂದು ಸೂರಿನಡಿ ನೆಲೆ ನಿಲ್ಲುವುದೂ ಆಗಲೇ. ಮಳೆ ಬರುವಾಗ ಸೂರಿನೊಳಗೆ ಸೇರುವುದಕ್ಕಿಂತ ಸರಿಯಾದ ಮುಹೂರ್ತ ಇನ್ನೇನಿದೆ? ಹೋಮಕ್ಕೆ ಪುರೋಹಿತರನ್ನು ಕರೆಯುವ ಪ್ರಶ್ನೆ ಏಳುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಂಟನೆಯದು ಅದರ ಬಗ್ಗೆಯೇ ಇದೆ. ಭಂತೇಜಿಯವರು ಸಿಕ್ಕರೆ ಪರಿತ್ತ ಪಠಣ, ಸಿಗದಿದ್ದರೆ ನಾವೇ ಕೂತು ತಿಸರಣ, ಪಂಚಶೀಲ.

ನಮ್ಮ ಉಪಾಸಿಕೆ ದಿನ ಗೊತ್ತು ಮಾಡಿದ್ದಾರೆ: ಆಷಾಢ ಹುಣ್ಣಿಮೆ, ಬೆಳಿಗ್ಗೆ ಹತ್ತು ಗಂಟೆಗೆ. ಅತ್ತೆಯವರೇ ಹಾಲು ಉಕ್ಕಿಸುತ್ತಾರಂತೆ. ಮೊದಲ ಪಂಕ್ತಿ ಗಾರೆಯವರು, ಬಡಗಿ, ಪ್ಲಂಬರ್ ಮತ್ತು ಅವರ ಮನೆಯವರಿಗೆ. ಬಳಗದವರು ಬಡಿಸಲು ನಿಲ್ಲಬೇಕು, ಆಮೇಲೆ ನಮ್ಮ ಊಟ. ಗೋಡೆ ಗಡಿಯಾರ ತರಬೇಡಿ, ಈಗಾಗಲೇ ಮೂರು ಬಂದಿವೆ. ಪುಸ್ತಕ ತನ್ನಿ, ಹಾಲಿನಲ್ಲಿ ಒಂದು ಗೂಡು ಖಾಲಿ ಬಿಟ್ಟಿದ್ದಾರೆ. ಮಹಡಿ ಮೆಟ್ಟಿಲಿಗೆ ಇನ್ನೂ ಕಂಬಿ ಹಾಕಿಲ್ಲ, ಮಕ್ಕಳನ್ನು ಕರೆತರುವವರು ಕೈ ಹಿಡಿದುಕೊಂಡೇ ಇರಿ.

ನಮೋ ಬುದ್ಧಾಯ. ಜೈ ಭೀಮ್.