ಓದುವವನು ಕಳ್ಳನೇ?

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ನಮ್ಮ ಹುಡುಗರು ಮೊದಲು ಹುಡುಕುವುದು ಜೆರಾಕ್ಸ್ ಅಂಗಡಿ. ನರಸಿಂಹರಾಜಪುರದ ಕಡೆಯಿಂದ ಬಂದ ಲೈನ್ ಮನೆಯ ಹುಡುಗಿ, ಶೃಂಗೇರಿ ಕಡೆಯ ಕಾಡಂಚಿನ ಹುಡುಗ. ಕೈಯಲ್ಲಿ ಪುಸ್ತಕವಿಲ್ಲ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಮೊಬೈಲಿಗೆ ಇಳಿಸಿಕೊಂಡ ಪಿಡಿಎಫ್ ಇದೆ. ಪರೀಕ್ಷೆಗೆ ಬೇಕಾದ ನಲವತ್ತು ಪುಟ ಪ್ರಿಂಟ್ ತೆಗೆಸಿ, ಪಿನ್ ಹೊಡೆಸಿಕೊಂಡು ಬಸ್ ಹತ್ತುತ್ತಾರೆ. ಪುಸ್ತಕ ಕೊಳ್ಳಬೇಕಾದರೆ ಅವ್ವನ ಎರಡು ದಿನದ ಕೂಲಿ ಹೋಗುತ್ತದೆ.

ಇವರು ಮಾಡಿದ್ದು ಕಳ್ಳತನವೇ? ಗೆಳೆಯರೇ, ಇದು ಹೊತ್ತು ಕಳೆಯಲು ಕೇಳುವ ಪ್ರಶ್ನೆಯಲ್ಲ. ನಕಲು ಮಾಡುವವನನ್ನು ಗೂಂಡಾಗಳ ಸಾಲಿನಲ್ಲಿ ನಿಲ್ಲಿಸಿದ ರಾಜ್ಯ ನಮ್ಮದು.

1985ರ ಗೂಂಡಾ ಕಾಯ್ದೆ ಬಂದದ್ದು ಕಳ್ಳಬಟ್ಟಿಯವರು, ಜೂಜುಕೋರರು, ರೌಡಿಗಳನ್ನು ಹಿಡಿಯಲಿಕ್ಕೆ. 2014ರಲ್ಲಿ ಅದನ್ನು ತಿದ್ದಿ, ಆ್ಯಸಿಡ್ ಎರಚುವವರ ಪಕ್ಕದಲ್ಲೇ 'ಡಿಜಿಟಲ್ ಅಪರಾಧಿ'ಯನ್ನೂ ಕೂರಿಸಿದರು. ಪುಸ್ತಕ, ಹಾಡು, ಸಿನಿಮಾ, ಸಾಫ್ಟ್‌ವೇರ್‌ಗಳ ಹಕ್ಕುಸ್ವಾಮ್ಯವನ್ನು ವ್ಯಾಪಾರಕ್ಕಾಗಿ ಬೇಕೆಂದೇ ಮುರಿಯುವವನು ಈತ. ಐಟಿ ಕಾಯ್ದೆಯ ಹಲವು ಕಲಮುಗಳನ್ನೂ ಇದೇ ಚೀಲಕ್ಕೆ ತುಂಬಿದರು. ಈ ಕಾಯ್ದೆ ಮಾಡಿದ ತಪ್ಪಿಗೆ ಶಿಕ್ಷೆ ಕೊಡುವುದಲ್ಲ. ಮುಂದೆ ಮಾಡಿಯಾನು ಅಂತ ಒಳಗೆ ಹಾಕುವುದು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೂ ಇಡಬಹುದು. ಕಡತ ಸಲಹಾ ಮಂಡಳಿಗೆ ಹೋಗುತ್ತದೆ ನಿಜ. ಆದರೆ ಮುಂಜಾಗ್ರತೆಯಾಗಿ ಬಂಧಿಸಿದವನಿಗೆ ವಕೀಲನನ್ನಿಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿಯೇ ಖಾತ್ರಿ ಮಾಡಿಲ್ಲ.

'ವ್ಯಾಪಾರಕ್ಕಾಗಿ ಅಂತ ಇದೆಯಲ್ಲ, ಸಾರ್ವಜನಿಕ ಶಾಂತಿ ಕೆಡಬೇಕು ಅಂತ ಇದೆಯಲ್ಲ, ನಿಮಗ್ಯಾಕ್ರೀ ಭಯ?' ಅಂತ ಕೇಳ್ತಾರೆ. ಪುಟಕ್ಕಿಷ್ಟು ಅಂತ ಕಾಸು ತಗೊಳ್ಳೋ ಜೆರಾಕ್ಸ್ ಅಂಗಡಿಯವನು ಮಾಡೋದು ವ್ಯಾಪಾರ ಅಲ್ಲವೇ? ದೆಹಲಿ ವಿಶ್ವವಿದ್ಯಾಲಯದ ಇಂಥದೇ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ದೊಡ್ಡ ಪ್ರಕಾಶಕರು ದಾವೆ ಹೂಡಿದರು. ಪಾಠಕ್ಕಾಗಿ ನಕಲು ಮಾಡುವುದಕ್ಕೆ ಹಕ್ಕುಸ್ವಾಮ್ಯ ಕಾನೂನಿನ 52ನೇ ಕಲಮಿನಲ್ಲೇ ಜಾಗವಿದೆ ಎಂದು 2016ರಲ್ಲಿ ದೆಹಲಿ ಹೈಕೋರ್ಟು ಹೇಳಿತು. ಅಂಗಡಿಯವನು ಉಳಿದುಕೊಂಡದ್ದು ಹೇಗೆ? ಕೋರ್ಟಿತ್ತು, ವಕೀಲರಿದ್ದರು, ವಿದ್ಯಾರ್ಥಿಗಳೂ ಮೇಷ್ಟರುಗಳೂ ಬೆನ್ನಿಗೆ ನಿಂತು ನಾಲ್ಕು ವರ್ಷ ವಾದ ಮಾಡಿದರು. ಗೂಂಡಾ ಕಾಯ್ದೆಯಲ್ಲಿ ಮೊದಲು ಜೈಲು, ವಾದ ಆಮೇಲೆ.

ನಮ್ಮ ಭಯ ಬರೀ ಕಲ್ಪನೆಯಲ್ಲ. ಘಟ್ಟ ಇಳಿದರೆ ಬೆಳ್ತಂಗಡಿ. ಅಲ್ಲಿಯ ಆದಿವಾಸಿ ವಿದ್ಯಾರ್ಥಿಯೊಬ್ಬರನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪ ಹೊರಿಸಿ ಬಂಧಿಸಿದಾಗ, ಜಪ್ತಿ ಮಾಡಿದ ವಸ್ತುಗಳಲ್ಲಿ ಭಗತ್ ಸಿಂಗ್ ಪುಸ್ತಕವೂ ಇತ್ತು. ಅಂಥ ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಹೇಳಿ ಕೋರ್ಟು ಅವರನ್ನು ಖುಲಾಸೆ ಮಾಡಿದ್ದು 2021ರಲ್ಲಿ. ಬಡವನ ಕೈಯಲ್ಲಿ ಪುಸ್ತಕ ಕಂಡರೆ ಈ ವ್ಯವಸ್ಥೆಗೆ ಮೊದಲು ಬರುವುದು ಅನುಮಾನ.

ಈ ಅನುಮಾನ ಹಳೆಯದು. ಶೃಂಗೇರಿಯ ಹೆಸರೆತ್ತಿದ ಮೇಲೆ ಅದನ್ನೂ ನೆನೆಯಬೇಕು. ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ಸೀಸವನ್ನೂ ಅರಗನ್ನೂ ತುಂಬು ಎಂದಿತು ಗೌತಮ ಧರ್ಮಸೂತ್ರ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಶೂದ್ರನಿಗೆ ವೇದದ ಅಧಿಕಾರವಿಲ್ಲ ಎನ್ನಲು ಇದೇ ಮಾತನ್ನು ಆಧಾರವಾಗಿ ಎತ್ತಿಕೊಂಡರು. ಆಗ ನಕಲು ಮಾಡುವ ಯಂತ್ರ ಕಿವಿಯೊಂದೇ. ಕೇಳಿದವನಿಂದ ಹೇಳಿದವನ ವೇದದಲ್ಲಿ ಒಂದಕ್ಷರವೂ ಕಮ್ಮಿಯಾಗಲಿಲ್ಲ. ಕಮ್ಮಿಯಾಗುತ್ತಿದ್ದದ್ದು ಅದನ್ನು ಬಚ್ಚಿಟ್ಟವನ ಮೇಲುಗೈ. ಶಿಕ್ಷೆ ಇದ್ದದ್ದು ಅದಕ್ಕೆ. ಇದೇ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 'ಶೂದ್ರ ತಪಸ್ವಿ' ನಾಟಕದಲ್ಲಿ ಶಂಬೂಕನ ಮೇಲೆ ಬಿಟ್ಟ ಬಾಣವನ್ನೇ ತಿರುಗಿಸಿಬಿಟ್ಟರು.

ಹಾಗಾದರೆ ಪೈರಸಿ ಸರಿ ಅಂತೀರಾ? ಇಲ್ಲ. ನಮ್ಮ ಹಾಡುಗಾರ ಎದೆ ಒಡೆಯುವ ಹಾಗೆ ಹಾಡಿದ ಹಾಡನ್ನು ಇನ್ಯಾರೋ ಯೂಟ್ಯೂಬಿಗೆ ಹಾಕಿ ಜಾಹೀರಾತಿನ ದುಡ್ಡು ಎಣಿಸುತ್ತಾನೆ. ಹಾಡಿದವನ ಹೆಸರೂ ಇರುವುದಿಲ್ಲ. ಅದು ಕಳ್ಳತನವೇ. ನಾವೂ ಮಾಡಿದ್ದೇವೆ: ಕರಪತ್ರದಲ್ಲಿ ಯಾರದೋ ಪದ್ಯ ಹಾಕಿ ಹೆಸರು ಬಿಟ್ಟಿದ್ದೇವೆ, ಹೋರಾಟಕ್ಕೆ ತಾನೇ ಅಂತ ಸಮಾಧಾನ ಹೇಳಿಕೊಂಡಿದ್ದೇವೆ. ತಪ್ಪು ತಪ್ಪೇ. ದುಡಿದವನ ಹೆಸರನ್ನೂ ಅನ್ನವನ್ನೂ ಕಿತ್ತುಕೊಳ್ಳುವ ನಕಲು ಬೇರೆ, ಇಲ್ಲದವನು ಕಲಿಯಲಿಕ್ಕೆ ಮಾಡಿಕೊಳ್ಳುವ ನಕಲು ಬೇರೆ. ಈ ಎರಡನ್ನು ಬೇರ್ಪಡಿಸಿ ನೋಡುವುದಕ್ಕೇ ಬಹಿರಂಗ ವಿಚಾರಣೆ ಬೇಕು.

ಮೊದಲನೆಯದಕ್ಕೆ ಕಾನೂನು ಇಲ್ಲದೇ ಇಲ್ಲ. ಸಿನಿಮಾ ಕದ್ದವನಿಗೆ 2023ರ ತಿದ್ದುಪಡಿಯ ಪ್ರಕಾರ 3 ತಿಂಗಳಿಂದ 3 ವರ್ಷ ಜೈಲು, ಅದೂ ಕೋರ್ಟಿನಲ್ಲಿ ಸಾಬೀತಾದ ಮೇಲೆ. ಮತ್ತೆ ಗೂಂಡಾ ಕಾಯ್ದೆ ಯಾಕೆ? ಕಣ್ಣು ಮುಚ್ಚಿ ಬೀಸಿದ ಕತ್ತಿ ಎಲ್ಲಿ ಬೀಳುತ್ತದೆ ಅಂತ 2012ರಲ್ಲೇ ಕಂಡಿದ್ದೇವೆ. ಒಂದು ತಮಿಳು ಸಿನಿಮಾ ಕಾಯಲು ಮದ್ರಾಸ್ ಹೈಕೋರ್ಟು ಆದೇಶ ಕೊಟ್ಟಿತು. ಇಂಟರ್‌ನೆಟ್ ಕಂಪನಿಗಳು ಆ ಸಿನಿಮಾ ಒಂದನ್ನೇ ಅಲ್ಲ, ಇಡೀ ಜಾಲತಾಣಗಳಿಗೇ ಬೀಗ ಹಾಕಿದವು. ಅಲ್ಲಿ ತಮ್ಮದೇ ಚಿತ್ರ ಹಾಕಿಕೊಂಡವರ ಬಾಯಿಯೂ ಮುಚ್ಚಿತು. ಇಡೀ ತಾಣ ಮುಚ್ಚಬೇಡಿ ಎಂದು ಹೈಕೋರ್ಟೇ ಆಮೇಲೆ ಬಿಡಿಸಿ ಹೇಳಬೇಕಾಯಿತು.

ಆದ್ದರಿಂದ ನಾವು ಕೇಳುವುದು ಇಷ್ಟೇ. ಹಕ್ಕುಸ್ವಾಮ್ಯದ ಜಗಳ ಕೋರ್ಟಿನ ಬಯಲಿನಲ್ಲಿ ನಡೆಯಲಿ. ಗೂಂಡಾ ಕಾಯ್ದೆಯಿಂದ ಪುಸ್ತಕ, ಹಾಡುಗಳನ್ನು ಹೊರಗೆ ತೆಗೆಯಿರಿ. ಹಳ್ಳಿ ಶಾಲೆಯ ಮೇಷ್ಟರುಗಳೇ, ಸಂಘಟನೆಯ ಗೆಳೆಯರೇ, ಈ ಕಾಯ್ದೆಯನ್ನು ನೀವೇ ತರಿಸಿ ಓದಿ. ಶಾಸನಸಭೆಯ ಕಾಯ್ದೆಯನ್ನು ನಮ್ಮ ಟಿಪ್ಪಣಿ ಸಮೇತ ಅಚ್ಚು ಹಾಕಲು ಹಕ್ಕುಸ್ವಾಮ್ಯ ಕಾನೂನೇ ಅವಕಾಶ ಕೊಟ್ಟಿದೆ. ಟಿಪ್ಪಣಿ ನಾವು ಬರೆಯೋಣ. ಕೊಪ್ಪದ ಅದೇ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ಊರೂರಿಗೆ ಹಂಚೋಣ.